ಎಣ್ಣೆ ಕಾಣದ ತೂತು

"ಬೀಡಿಗೆ ಯಾರಪ್ಪಾ ಎಣ್ಣೆ ಹಾಕ್ತಾರೆ?"

ಏಣಿಯ ಮೇಲೆ ನಿಂತಿದ್ದ ಗೇಜಪ್ಪ ಈ ಮಾತನ್ನು ಯಾರಿಗೂ ಕೇಳಿದ್ದಲ್ಲ. ಎದುರಿಗಿದ್ದ ಬೀಡುಕಬ್ಬಿಣದ ಕಂಬಕ್ಕೆ, ಆ ಕಂಬದ ಮೈಯಲ್ಲಿದ್ದ ಮೂರು ತೂತುಗಳಿಗೆ, ತನ್ನ ಬೆರಳ ತುದಿಗೆ ಮೆತ್ತಿಕೊಂಡಿದ್ದ ಕರಿಯ ಅಂಟಿಗೆ ಕೇಳಿಕೊಂಡದ್ದು.

ಉತ್ತರ ಕೆಳಗಿನಿಂದ ಬಂತು.

"ನಮ್ಮನೆಯವರು," ಎಂದಳು ಏಣಿ ಹಿಡಿದುಕೊಂಡಿದ್ದ, ಆ ವರ್ಕ್‌ಶಾಪಿನ ಮೇಸ್ತ್ರಿಯ ಮಗಳು. "ಅವರು ಉಕ್ಕಿನ ಕೆಲಸದಿಂದ ಬಂದೋರು, ಸರ್. ಉಕ್ಕಿಗೆ ಎಣ್ಣೆ ಬೇಕೇ ಬೇಕು. ಇಲ್ಲಿಗೆ ಬಂದು ನಾಲ್ಕು ವರ್ಷ ಆದ್ರೂ ಕೈ ತಾನಾಗೇ ಎಣ್ಣೆ ಡಬ್ಬಿ ಕಡೆ ಹೋಗುತ್ತೆ. ಅಪ್ಪ ಬೈಯೋರು, 'ಬೀಡು ತನ್ನ ಎಣ್ಣೆ ತಾನೇ ಹೊತ್ಕೊಂಡು ಹುಟ್ಟಿದೆ ಕಣೋ, ಅದರ ತಲೆಗೆ ನೀನೇನು ಎರೆಯೋದು' ಅಂತ."

ಹಾಗೆ ಬೈಯುತ್ತಿದ್ದ ಮೇಸ್ತ್ರಿ ಈಗ ಇಲ್ಲ. ಇದೇ ಕಂಬಕ್ಕೆ ಬಿಗಿದಿದ್ದ ಭಾರ ಎತ್ತುವ ತೋಳು ಗುರುವಾರ ಕಿತ್ತು ಬಿದ್ದು ಅವರು ಸತ್ತರು. ಬೇಕೆಂದೇ ಸುಳ್ಳು ಬೋಲ್ಟು ಹಾಕಿ ಮಾವನನ್ನು ಕೊಂದ ಎಂದು ಅಳಿಯನನ್ನು ಪೊಲೀಸರು ನಿನ್ನೆ ಹಿಡಿದುಕೊಂಡು ಹೋಗಿದ್ದರು. ನಾಳೆ, ಸೋಮವಾರ, ಹನ್ನೊಂದು ಗಂಟೆಗೆ ಅವನು ಕೋರ್ಟಿನಲ್ಲಿ ನಿಲ್ಲಬೇಕು. ಅಷ್ಟರೊಳಗೆ ಏನಾದರೂ ಸಿಕ್ಕಿದರೆ ಸಿಕ್ಕಿತು ಎಂದೇ ಮಗಳು ಗೇಜಪ್ಪನನ್ನು ಕರೆಸಿದ್ದಳು.

ಗೇಜಪ್ಪ ಎನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ. ಮೂವತ್ತು ವರ್ಷ ಒಂದು ದೊಡ್ಡ ಕಾರ್ಖಾನೆಯಲ್ಲಿ ಗೇಜು ಹಿಡಿದು ಇನ್ನೊಬ್ಬರ ಕೆಲಸದ ಅಳತೆ ನೋಡಿದವನಿಗೆ ಆ ಇನ್ನೊಬ್ಬರು ಕೊಟ್ಟ ಬಿರುದು. ಕೆಲಸ ಬಿಟ್ಟ ಮೇಲೂ ಬಿರುದು ಬಿಡಲಿಲ್ಲ. ಈಗ ಅಳೆಯುವುದು ಜನರ ಮಾತನ್ನು. ಯಾರು ಎಲ್ಲಿ ಉಸಿರು ಎಳೆದುಕೊಂಡರು, ಯಾವ ಪದವನ್ನು ಬೇಗ ದಾಟಿಸಿದರು ಎಂಬುದನ್ನು.

"ಕೆಳಗಿನ ಎರಡೂ ತೂತಲ್ಲಿ ಎಣ್ಣೆ ಇದೆ ತಂಗಿ," ಎಂದ. "ಬೀಡಿನ ಪುಡಿ ಜೊತೆ ಕಲಸಿ ಕಾಡಿಗೆ ಆಗಿಬಿಟ್ಟಿದೆ. ಒಳಗಿನ ಥ್ರೆಡ್ ಸುತ್ತುಗಳು ಮಾತ್ರ ಚೆನ್ನಾಗಿವೆ. ನಿನ್ನ ಗಂಡ ಕೆಲಸಗಾರನೇ."

"ಮೂರನೇದು ಅವರು ಮಾಡಿಲ್ಲ ಅಂತ ಹೇಳ್ತಾನೇ ಇದಾರೆ. ಯಾರು ಕೇಳ್ತಾರೆ?"

ಅಳಿಯನ ಮಾತು ಇಷ್ಟು: ಮಂಗಳವಾರ ಅವನು ಕೆಳಗಿನ ಎರಡು ತೂತಿಗೆ, ಒಳಮೈಯಲ್ಲಿ ಸುತ್ತು ಕೊರೆಯುವ ಉಕ್ಕಿನ ಕಡ್ಡಿಯಾದ ಟ್ಯಾಪ್ ತಿರುಗಿಸಿ ಥ್ರೆಡ್ ಹಾಕಿ, ಬೋಲ್ಟು ಬಿಗಿದು, ತೋಳನ್ನು ಕೂರಿಸಿದ್ದ. ಮೇಲಿನದಕ್ಕೆ ಡ್ರಿಲ್ ಮಾತ್ರ ಹೊಡೆದಿದ್ದ. ಅಷ್ಟರಲ್ಲಿ ಅಚ್ಚಿನ ಮಾಲು ತರಲು ಹೋಗಬೇಕಾಯಿತು. ಎರಡು ಗಂಟೆ ಬಿಟ್ಟು ಬಂದಾಗ ಮೂರನೆಯ ಬೋಲ್ಟಿನ ತಲೆಯೂ ಅದರ ಜಾಗದಲ್ಲಿತ್ತು. ಕೇಳಿದರೆ ಮೇಸ್ತ್ರಿ "ಆಯ್ತಲ್ಲ, ಬಿಡು" ಎಂದಿದ್ದರು.

ಭಾರವೆಲ್ಲ ಜಗ್ಗುವುದು ಆ ಮೇಲಿನ ಬೋಲ್ಟನ್ನೇ. ತೋಳು ಬಿದ್ದ ಮೇಲೆ ನೋಡಿದರೆ ಆ ಬೋಲ್ಟಿಗೆ ತಲೆಯಿತ್ತು, ಮೈ ಇರಲಿಲ್ಲ. ಎರಡು ಬೆರಳಗಲಕ್ಕೆ ಕೊಯ್ದು, ಎರಡು ಟ್ಯೂಬು ಕಲಸಿ ಹಚ್ಚುವ ಅಂಟಿನಲ್ಲಿ ಕೂರಿಸಿದ್ದರು.

"ಇನ್ಸ್‌ಪೆಕ್ಟರ್ ಏನಂದ್ರು?"

"ನಕ್ಕರು. 'ನಿಮ್ಮಪ್ಪನ ಕೈ ಎಷ್ಟು ನಡುಗ್ತಿತ್ತು ಅಂತ ಬೀದಿಗೆಲ್ಲ ಗೊತ್ತು. ಆ ಬೋಲ್ಟು ಕೊಯ್ದಿರೋದು ನೋಡು, ಬೆಣ್ಣೆ ಕೊಯ್ದಷ್ಟು ನೇರ. ನಡುಗೋ ಕೈಗೆ ಇದು ಬರುತ್ತಾ? ಸತ್ತೋರ ತಲೆ ಮೇಲೆ ಹೊರಿಸೋದು ಸುಲಭ ಕಣಮ್ಮ' ಅಂದ್ರು."

ಇನ್ಸ್‌ಪೆಕ್ಟರ್ ದಡ್ಡನಲ್ಲ ಎಂಬುದೇ ಗೇಜಪ್ಪನಿಗೆ ಕಹಿಯಾಗಿತ್ತು.

ಮೇಲಿನ ತೂತಿನಲ್ಲಿ ಅಂಟಿನ ಬಿರಡೆ ಇನ್ನೂ ಕೂತಿತ್ತು. ಕೊಯ್ದ ಬೋಲ್ಟು ಸಿಕ್ಕಿದ್ದೇ ಪೊಲೀಸರಿಗೆ ಸಾಕಾಗಿತ್ತು. ಅದರ ಹಿಂದೆ ಏನಿದೆಯೆಂದು ಯಾರೂ ಕೆದಕಿರಲಿಲ್ಲ. ಅವನು ಸಣ್ಣ ಉಳಿ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ತಟ್ಟಿದ. ಬಿರಡೆ ಚೂರಾಗಿ ಬಂತು. ಅದರ ಹಿಂದಿನಿಂದ ಒಂದು ಚಿಟಿಕೆ ಪುಡಿ ಸುರಿಯಿತು.

ಅಂಗೈಯಲ್ಲಿ ಹಿಡಿದು ಊದಿದ. ಪುಡಿ ಹಾರಿತು.

"ತಂಗಿ, ನೋಡು. ಹಾರ್ತಿದೆ."

"ಅಂದ್ರೆ?"

"ಎಣ್ಣೆ ಸೋಕಿದ್ದರೆ ಹಾರ್ತಿರಲಿಲ್ಲ. ಒಣಗಿದ ಬೂದಿ ಥರ ಇದೆ. ಇಲ್ಲಿ ಟ್ಯಾಪ್ ತಿರುಗಿಸಿದವನು ಬೀಡಿಗೆ ಎಣ್ಣೆ ಹಾಕದವನು."

ಟಾರ್ಚು ಹಿಡಿದು ಒಳಗೆ ನೋಡಿದ. ಒಂದು ಬೆರಳಿನ ಆಳದಲ್ಲಿ ಏನೋ ಮಿನುಗಿತು. ಬೀಡು ಹಾಗೆ ಮಿನುಗುವುದಿಲ್ಲ. ಬೆಳ್ಳಗೆ, ಹರಳು ಹರಳಾಗಿ, ಮುರಿದ ಗಾಜಿನಂತೆ.

"ಟ್ಯಾಪ್ ಮುರಿದಿದೆ," ಎಂದ. "ಅರ್ಧ ಒಳಗೇ ಇದೆ. ಉಳಿದರ್ಧ ಎಲ್ಲಿ?"

ಮಗಳ ಕಣ್ಣು ಬಾಗಿಲ ಪಕ್ಕದ ಗೋಡೆಗೆ ಹೋಗಿತ್ತು.

ಅಲ್ಲಿ ಒಂದು ಹಲಗೆ. ವರ್ಕ್‌ಶಾಪಿನವರ ಬಾಯಲ್ಲಿ ಅದು ಮರ್ಯಾದೆ ಹಲಗೆ. ಯಾರೇ ಟ್ಯಾಪ್ ಮುರಿಯಲಿ, ಕೈಯಲ್ಲಿ ಉಳಿದ ತುಂಡನ್ನು ತಾನೇ ತಂದು ಅದರ ಮೇಲಿನ ಮೊಳೆಗೆ ನೇತುಹಾಕಿ, ಕೆಳಗೆ ತನ್ನ ಹೆಸರನ್ನು ತಾನೇ ಸುಣ್ಣದ ಕಡ್ಡಿಯಲ್ಲಿ ಬರೆಯಬೇಕು. ಮುರಿದದ್ದಕ್ಕೆ ಶಿಕ್ಷೆಯಿಲ್ಲ, ಮುಚ್ಚಿಟ್ಟರೆ ಮಾತ್ರ ಅವತ್ತೇ ಕೆಲಸ ಬಿಡಬೇಕು. ಮೇಸ್ತ್ರಿ ಮಾಡಿದ ಕಾನೂನು. ನಲವತ್ತು ವರ್ಷದಲ್ಲಿ ಆ ಹಲಗೆಯ ಮೇಲೆ ಅವರ ಹೆಸರು ಒಂದು ಸಲವೂ ಬಂದಿರಲಿಲ್ಲ. ಅಳಿಯನ ಹೆಸರಿನ ಮೇಲೆ ಹನ್ನೊಂದು ತುಂಡು ತೂಗುತ್ತಿದ್ದವು.

"ಹಲಗೆ ಮುಂದೆ ಜಗಳ ಆಗಿತ್ತಂತಲ್ಲ?"

"ಹೂಂ. ಹನ್ನೊಂದನೇದು ನೇತುಹಾಕಿದ ದಿನ. ಅಪ್ಪ ಎಲ್ಲರ ಎದುರಿಗೆ, 'ಇನ್ನೊಂದು ಮುರಿ, ಡಜನ್ ಆಗುತ್ತೆ, ಪೆಟ್ಟಿಗೆ ಮಾಡಿ ನಿಮ್ಮಪ್ಪನಿಗೆ ಉಡುಗೊರೆ ಕಳಿಸ್ತೀನಿ' ಅಂದ್ರು. ಎಲ್ಲಾ ನಕ್ಕರು. ಇವರಿಗೆ ತಡೀಲಿಲ್ಲ. 'ಮಾವ, ಒಂದಿನ ನಿಮ್ಮದೂ ಇಲ್ಲಿ ನೇತಾಡುತ್ತೆ, ಅವತ್ತು ನಾನೂ ನಗ್ತೀನಿ' ಅಂದುಬಿಟ್ರು. ಅದನ್ನೇ ಪೊಲೀಸರು ಬೆದರಿಕೆ ಅಂತ ಬರ್ಕೊಂಡಿದಾರೆ."

ಗೇಜಪ್ಪ ಏಣಿ ಇಳಿದ. ಕೊನೆಯ ಮೆಟ್ಟಿಲಿನ ಮೇಲೆ ಕೂತು ಪಂಚೆಯಂಚಿನಷ್ಟು ಸವೆದಿದ್ದ ಕರವಸ್ತ್ರದಲ್ಲಿ ಕೈ ಒರೆಸಿಕೊಂಡ.

ಪಕ್ಕದ ಶೆಡ್ಡಿನಲ್ಲಿ ಲೇತ್ ಓಡುತ್ತಿತ್ತು. ಅದರ ಯಜಮಾನ ಮೇಸ್ತ್ರಿಯ ಹಳೆಯ ಗೆಳೆಯ. ಮಗಳು ಅವನನ್ನು ಚಿಕ್ಕಪ್ಪ ಎಂದೇ ಕರೆದು ಬೆಳೆದವಳು. ಗುರುವಾರ ಅವನು ಗೋಡೆಯಾಚೆ ತನ್ನ ಶೆಡ್ಡಿನಲ್ಲೇ ಇದ್ದ. ಇಬ್ಬರೂ ಹೋಗಿ ನಿಂತಾಗ ಮೆಷಿನ್ ನಿಲ್ಲಿಸಿದ.

"ಭಾನುವಾರ ಬೇರೆ ಬಂದಿರಾ? ನನಗೊಬ್ಬನಿಗೇ ಮನೆ ಬೇಡವಾಗಿದೆ ಅಂದ್ಕೊಂಡಿದ್ದೆ," ಎಂದ. "ಕೇಳಿ, ಏನು ಬೇಕೋ. ನನ್ನ ಕಿವಿ ಮಂದ ಅಂತಾರೆ. ಮನೆಯವಳ ಮಾತೊಂದು ಕೇಳಿಸಲ್ಲ, ಉಳಿದದ್ದೆಲ್ಲ ಕೇಳುತ್ತೆ."

"ಕೇಳಿಸಿದ್ದನ್ನೇ ಹೇಳಿ. ಕಂಡದ್ದು ಬೇಡ," ಎಂದ ಗೇಜಪ್ಪ. "ಗುರುವಾರ ಯಾವುದಾದ ಮೇಲೆ ಯಾವುದು ಕೇಳಿಸ್ತು?"

"ಮೊದಲು ಚೈನ್ ಪುಲ್ಲಿ. ಅಳಿಯ ಎಳೀತಿದ್ದ, ಕರಕರ ಅಂತ. ಅತ್ತಿಗೆ, ಇವಳ ಅಮ್ಮ, ಕೆಳಗಡೆ ಮರದ ದಿಮ್ಮಿ ಸರಿ ಮಾಡ್ತಿದ್ರು, ಅದು ನೆಲಕ್ಕೆ ಉಜ್ಜೋ ಸದ್ದು. ಆಮೇಲೆ ಅಣ್ಣನ ಕೂಗು, 'ಇಳಿಸೋ, ಇಳಿಸೋ' ಅಂತ. ಆಮೇಲೆ ಓಡಿದ್ದು. ಆಮೇಲೆ ಟಣ್ ಅಂತು. ಆಮೇಲೆ…" ಅವನು ಚಿಂದಿ ಬಟ್ಟೆ ಎತ್ತಿಕೊಂಡು ಸುಮ್ಮನೆ ಮೆಷಿನ್ ಒರೆಸಿದ. "ಆಮೇಲೆ ಗೊತ್ತಲ್ಲ."

"ಚಿಕ್ಕಪ್ಪ, ಟಣ್ ಅಂದದ್ದು ಕೇಳಿ ತಾನೇ ಅಪ್ಪ ಓಡಿ ಬಂದದ್ದು?"

"ಇಲ್ಲಮ್ಮ. ಕೂಗು ಮೊದಲು. ಅಣ್ಣ ಹೊರಗಡೆ ಗಿರಾಕಿ ಹತ್ತಿರ ಮಾತಾಡ್ತಿದ್ರು. ಒಳಗೆ ಬಂದು ಭಾರ ಮೇಲಿರೋದು ನೋಡಿದ ತಕ್ಷಣ ಕೂಗಿದ್ರು. ಆಗಿನ್ನೂ ಕಂಬ ಕಿಮಕ್ ಅಂದಿರಲಿಲ್ಲ."

"ಇದನ್ನ ಪೊಲೀಸರಿಗೆ ಹೇಳಿದ್ರಾ?"

"ಅವರು ಏನು ಕಂಡೆ ಅಂತ ಕೇಳಿದ್ರು. ಏನೂ ಕಾಣಲಿಲ್ಲ ಅಂದೆ. ಅಲ್ಲಿಗೆ ಮುಗೀತು."

ಹೊರಗೆ ಬಂದ ಮೇಲೆ ಮಗಳು ಗೋಡೆಗೆ ಒರಗಿದಳು. ಹಾದಿಯಲ್ಲಿ ಒಡೆದ ಅಚ್ಚುಗಳು, ತುಕ್ಕು ಹಿಡಿದ ಗಾಲಿಗಳು. ಬಿಸಿಲು ಕಬ್ಬಿಣದ ವಾಸನೆಯನ್ನು ಎಬ್ಬಿಸಿತ್ತು.

"ಅಪ್ಪನಿಗೆ ಮೊದಲೇ ಗೊತ್ತಿತ್ತು," ಎಂದಳು. ಕೇಳಿದ್ದಲ್ಲ, ಹೇಳಿದ್ದು.

"ಗೊತ್ತಿತ್ತು."

"ಎರಡು ವರ್ಷದಿಂದ ಅವರು ಟ್ಯಾಪ್ ಮುಟ್ಟಿರಲಿಲ್ಲ ಸರ್. ಟೀ ಲೋಟ ಎರಡು ಕೈಲಿ ಹಿಡೀತಿದ್ರು."

"ಮುಟ್ಟಿ ನೋಡೋಣ ಅನ್ನಿಸಿರಬೇಕು ತಂಗಿ. ಅಳಿಯ ಹೊರಗೆ ಹೋಗಿದಾನೆ, ಒಂದೇ ತೂತು ಉಳಿದಿದೆ, ಯಾರೂ ಇಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಆ ಲೆಕ್ಕ ಕೈಗೆ ಮರೆಯಲ್ಲ. ಕೈ ಮಾತ್ರ ನೆಟ್ಟಗೆ ನಿಲ್ಲಲಿಲ್ಲ. ಟ್ಯಾಪ್ ಅನ್ನೋದು ಬಗ್ಗೋ ಜಾತಿ ಅಲ್ಲ, ಓರೆಯಾದರೆ ಪಟಕ್ಕನೆ ಮುರಿಯುತ್ತೆ."

"ಹಾಗಾದ್ರೆ ಇನ್ಸ್‌ಪೆಕ್ಟರ್‌ಗೆ ಹೇಳೋಣ. ಈಗಲೇ."

"ಏನಂತ? ಒಂದು ಚಿಟಿಕೆ ಪುಡಿ ಹಾರಿತು ಅಂತಲಾ? ಟ್ಯಾಪ್ ಮುರಿದದ್ದು ನಿನ್ನ ಗಂಡನೇ, ಹನ್ನೆರಡನೇದು ನೇತುಹಾಕೋಕೆ ನಾಚಿಕೆಯಾಗಿ ಮುಚ್ಚಿಟ್ಟ ಅಂತಾರೆ. ಕೊಲೆ ಅಲ್ಲದಿದ್ರೂ ಸಾವಿಗೆ ಅವನೇ ಕಾರಣ ಆಗ್ತಾನೆ. ಉಳಿದ ತುಂಡು ಬೇಕು. ಅದು ಯಾರ ಕೈಗೆ ಬಂತು, ಯಾರಿಂದ ಬಂತು ಅಂತ ಹೇಳೋರು ಬೇಕು."

ವರ್ಕ್‌ಶಾಪಿನ ಹಿಂಬದಿಗೆ ಟೂಲ್ ರೂಮು. ತಂತಿ ಬಲೆಯ ಗೋಡೆ, ಸಾಮಾನು ಕೊಡಲು ಒಂದು ಮೊಳದ ಕಿಂಡಿ, ಒಳಗಿನಿಂದ ಚಿಲಕ. ಮೂವತ್ತು ವರ್ಷದಿಂದ ಅದು ಮೇಸ್ತ್ರಿಯ ಹೆಂಡತಿಯ ರಾಜ್ಯ. ಪ್ರತಿ ಡ್ರಿಲ್ಲಿಗೂ ಪ್ರತಿ ಟ್ಯಾಪಿಗೂ ಮರದ ಅಚ್ಚಿನಲ್ಲಿ ಅದರದೇ ಗೂಡು. ಕೆಲಸಗಾರ ಸಾಮಾನು ಒಯ್ದರೆ ಆ ಗೂಡಿನಲ್ಲಿ ತನ್ನ ಹಿತ್ತಾಳೆ ಬಿಲ್ಲೆ ಇಡಬೇಕು. ಬಿಲ್ಲೆಯಿಲ್ಲದೆ ಒಯ್ಯುತ್ತಿದ್ದವರು ಒಬ್ಬರೇ.

ಮೂಲೆಯಲ್ಲಿ ಡ್ರಿಲ್ಲು ಚೂಪು ಮಾಡುವ ಸಾಣೆ ಯಂತ್ರ. ಅದರ ಪಕ್ಕದ ಸ್ಟೂಲಿನ ಮೇಲೆ ಆಕೆ ಕೂತಿದ್ದಳು. ಬಲಭುಜಕ್ಕೆ ಪಟ್ಟಿ ಕಟ್ಟಿತ್ತು. ಗುರುವಾರ ಗಂಡ ಜೋರಾಗಿ ತಳ್ಳಿದಾಗ ನೆಲಕ್ಕೆ ಬಿದ್ದ ಪೆಟ್ಟು. ಆ ತಳ್ಳುವಿಕೆ ಇಲ್ಲದಿದ್ದರೆ ಇವತ್ತು ಆಕೆ ಇರುತ್ತಿರಲಿಲ್ಲ.

"ಏನು ಬೇಕು?" ಎಂದಳು, ಎಲ್ಲರನ್ನೂ ಕೇಳುವಂತೆ.

"ಅರ್ಧ ಇಂಚಿನ ಟ್ಯಾಪಿನ ಸೆಟ್ಟು, ಅಮ್ಮಾ. ನೋಡಿ ಕೊಡ್ತೀನಿ."

ಆಕೆ ಎದ್ದು ಬೀರುವಿನ ಬೀಗ ತೆಗೆದಳು. ಗೇಜಪ್ಪ ಕಣ್ಣು ಮುಚ್ಚಿ ಆ ಬೀಗದ ಕೈಗಳ ಸದ್ದು ಕೇಳಿದ. ಹಿತ್ತಾಳೆಯ ಕೈಗಳು ಒಂದಕ್ಕೊಂದು ತಾಗಿ ದಪ್ಪ ದನಿಯಲ್ಲಿ ಮಾತಾಡಿಕೊಂಡವು. ಅವುಗಳ ನಡುವೆ ಒಂದು ಮಾತ್ರ, ಗುಂಪಿಗೆ ಸೇರದ ಹಾಡುಗಾರನಂತೆ, ತೆಳ್ಳಗೆ ಎತ್ತರದಲ್ಲಿ ಮಿಡಿಯಿತು.

ಕಿಂಡಿಯಲ್ಲಿ ಮರದ ಅಚ್ಚು ಬಂತು. ಮೂರು ಟ್ಯಾಪ್‌ಗಳು. ಎರಡನೆಯದೂ ಮೂರನೆಯದೂ ಸವೆದು ಮಂಕಾಗಿದ್ದವು. ಮೊದಲನೆಯದರ ಮೈಗೆ ಅಂಗಡಿಯ ಮೇಣ ಇನ್ನೂ ಹಾಗೇ ಇತ್ತು.

"ಇದು ಹೊಸದು."

"ಹಳೇದು ಸವೆದಿತ್ತು."

"ಸವೆದದ್ದು ಎಲ್ಲಿ?"

"ಗುಜರಿಗೆ ಹಾಕಿದೆ."

"ಯಾವಾಗ?"

ಆಕೆ ಉಸಿರು ಎಳೆದುಕೊಂಡಳು. ಅಲ್ಲಿ ಎಳೆದುಕೊಳ್ಳುವ ಅಗತ್ಯ ಇರಲಿಲ್ಲ.

"ಅಮ್ಮಾ," ಎಂದ ಗೇಜಪ್ಪ. ಅವನ ದನಿ ಇನ್ನೂ ಇಳಿದಿತ್ತು. "ನಿಮ್ಮ ಗೊಂಚಲಲ್ಲಿ ಬೀಗ ತೆಗೆಯದ ಕೈ ಒಂದಿದೆ. ಗಟ್ಟಿ ಉಕ್ಕಿನ ದನಿ ಅದರದು. ತೋರಿಸ್ತೀರಾ?"

ಪಕ್ಕದ ಲೇತ್ ಮತ್ತೆ ಶುರುವಾಯಿತು. ಆಮೇಲೆ ಆಕೆ ಗೊಂಚಲು ಎತ್ತಿ ಹಿಡಿದಳು. ಕೈಗಳ ನಡುವೆ ತಂತಿ ಸುತ್ತಿ ಕಟ್ಟಿದ ಹೆಬ್ಬೆರಳುದ್ದದ ತುಂಡು. ಒಂದು ತುದಿ ಚೌಕ. ಇನ್ನೊಂದು ತುದಿ ಬೆಳ್ಳಗೆ, ಹರಳು ಹರಳಾಗಿ ಮುರಿದಿತ್ತು.

ಮಗಳು ಬಲೆಯನ್ನು ಹಿಡಿದುಕೊಂಡಳು. "ಅಮ್ಮಾ. ನಿನ್ನ ಹತ್ತಿರಾನೇ ಇತ್ತಾ?"

"ಮಂಗಳವಾರ ಮಧ್ಯಾಹ್ನ ತಂದು ನನ್ನ ಅಂಗೈಲಿಟ್ರು," ಎಂದಳು ತಾಯಿ. ಮಗಳಿಗಲ್ಲ, ಗೇಜಪ್ಪನಿಗೂ ಅಲ್ಲ, ಆ ತುಂಡಿಗೆ ಹೇಳುವಂತೆ. "ನಲವತ್ತು ವರ್ಷ ಜೊತೆಗಿದ್ದೀನಿ. ಆ ಮುಖ ಯಾವತ್ತೂ ನೋಡಿರಲಿಲ್ಲ. ಹಲಗೆ ಮುಂದೆ ಎರಡು ಸಲ ಹೋಗಿ ನಿಂತು ವಾಪಸು ಬಂದರಂತೆ. 'ಅವನು ನಗ್ತಾನೆ ಕಣೇ, ನಗ್ತೀನಿ ಅಂದಿದಾನೆ' ಅಂದ್ರು. 'ಭಾನುವಾರ ಯಾರೂ ಇರಲ್ಲ, ಒಡೆದು ತೆಗೆದು ಹೊಸ ಥ್ರೆಡ್ ಹಾಕ್ತೀನಿ. ಅಲ್ಲಿವರೆಗೆ ಭಾರ ಎತ್ತೋ ಕೆಲಸ ಯಾವುದೂ ಇಲ್ಲ' ಅಂದ್ರು. ಇವತ್ತೇ ಭಾನುವಾರ."

"ಗುರುವಾರ ಗಿರಾಕಿ ಹೇಳದೆ ಕೇಳದೆ ಎಂಜಿನ್ನು ತಂದುಬಿಟ್ಟ," ಎಂದಳು ಮಗಳು ನಿಧಾನವಾಗಿ. "ಅಪ್ಪ ಹೊರಗಿದ್ರು. ನೀನು ಒಳಗಿದ್ದೆ. ನಿನಗೆ ಗೊತ್ತಿತ್ತು, ಅಮ್ಮಾ. ಇವರು ಚೈನ್ ಎಳೆಯೋವಾಗ ಬೇಡ ಅನ್ನಬಹುದಿತ್ತು."

"ಅನ್ನಬಹುದಿತ್ತು. ಯಾಕೆ ಅಂತ ಕೇಳಿದ್ರೆ ಏನು ಹೇಳಲಿ? ಇದೊಂದು ಸಲ ತಡೆಯುತ್ತೆ ಅಂದ್ಕೊಂಡೆ. ಅದಕ್ಕೇ ಕೆಳಗೆ ನಾನೇ ಹೋಗಿ ನಿಂತೆ. ಬಿದ್ದರೆ ನನ್ನ ಮೇಲೆ ಬೀಳಲಿ ಅಂತ." ಆಕೆ ಪಟ್ಟಿ ಕಟ್ಟಿದ ಭುಜವನ್ನು ಮುಟ್ಟಿಕೊಂಡಳು. "ಅವರು ಅದಕ್ಕೂ ಬಿಡಲಿಲ್ಲ."

ಗೇಜಪ್ಪ ಜೇಬಿನಲ್ಲಿದ್ದ ಕೈಯನ್ನು ಹೊರಗೆ ತೆಗೆಯಲಿಲ್ಲ. ಕೇಳಬೇಕಾದ್ದು ಇನ್ನೊಂದಿತ್ತು. ಅದನ್ನು ಕೇಳದೆ ಹೋಗಿಬಿಡಲು ಅವನ ಮನಸ್ಸು ಒಮ್ಮೆ ಬಾಗಿಲ ಕಡೆ ನೋಡಿತು.

"ಬೋಲ್ಟು ಅಷ್ಟು ನೇರವಾಗಿ ಕೊಯ್ದದ್ದು ಯಾರು, ಅಮ್ಮಾ?"

ಆಕೆ ಎರಡೂ ಕೈಗಳನ್ನು ಕಿಂಡಿಯಲ್ಲಿ ಮುಂದೆ ಚಾಚಿದಳು. ನಂತರ ಬೆರಳುಗಳನ್ನು ಅಗಲಿಸಿದಳು. ಒಂದು ಬೆರಳೂ ಅಲುಗಲಿಲ್ಲ.

"ಅವರು ಗರಗಸ ಹಿಡಿದರು. ಬ್ಲೇಡು ನಿಲ್ಲಲಿಲ್ಲ. ನಾನೇ ಈಸ್ಕೊಂಡೆ. ಅಂಟು ಕಲಸಿದ್ದೂ ನಾನೇ. ಏಣಿ ಹತ್ತಿ ಕೂರಿಸಿದ್ದೂ ನಾನೇ. ಅವರು ಕೆಳಗೆ ನಿಂತು ಏಣಿ ಹಿಡ್ಕೊಂಡಿದ್ರು."

ಮಗಳು ಬಲೆಗೆ ಹಣೆ ಒತ್ತಿದಳು. ಬಲೆಯ ತಂತಿ ಅವಳ ಬೆರಳುಗಳಲ್ಲೇ ಉಳಿದು ಝಣಝಣ ಎಂದಿತು.

"ನನ್ನನ್ನ ಒಳಗೆ ಹಾಕ್ತಾರೆ ಅಂತ ನನಗೆ ಹೆದರಿಕೆ ಇಲ್ಲ," ಎಂದಳು ತಾಯಿ. "ಹಾಕಲಿ. ಆದ್ರೆ ಇದು ಆಚೆ ಹೋದ್ರೆ ಆ ಹಲಗೆ ಮೇಲೆ ಅವರ ಹೆಸರು ಬರುತ್ತೆ. ಮುರಿದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಮುಚ್ಚಿಟ್ಟವರು ಇಲ್ಲಿ ಒಂದು ದಿನ ನಿಲ್ಲಬಾರದು ಅಂತ ನಲವತ್ತು ವರ್ಷ ಹೇಳಿದ ಮನುಷ್ಯ. ಊರೆಲ್ಲ ಹೇಳುತ್ತೆ, ಆ ಮೇಸ್ತ್ರಿ ಕೊನೆಗೆ ತನ್ನ ಕಾನೂನಿಗೇ ಕಳ್ಳನಾದ ಅಂತ."

"ಅಮ್ಮಾ, ನಗ್ತೀನಿ ಅಂದದ್ದು ನಮ್ಮನೆಯವರೇ, ಒಪ್ತೀನಿ. ಒಂದು ಮಾತು ಆಡಿದಾರೆ. ಒಂದು ಮಾತಿಗೆ ಜೀವನ ಪೂರ್ತಿ ಜೈಲಾ?"

"ಆ ಒಂದು ಮಾತು ಆಡದಿದ್ರೆ ನಿಮ್ಮಪ್ಪ ಅವತ್ತೇ ಹೋಗಿ ನೇತುಹಾಕ್ತಿದ್ರು. ಅಳಿಯ ಬೋಲ್ಟು ಕೊಯ್ಯಲಿಲ್ಲ, ನಿಜ. ನಿಮ್ಮಪ್ಪನ ನಾಲಿಗೆ ಕೊಯ್ದ."

ಗೇಜಪ್ಪ ಕಿಂಡಿಯ ಹತ್ತಿರ ಬಗ್ಗಿದ. "ಅಮ್ಮಾ, ನಾನು ಹಲಗೆ ವಿಷಯ ಮಾತಾಡೋಕೆ ಬಂದೋನಲ್ಲ. ನಾಳೆ ಹನ್ನೊಂದು ಗಂಟೆಗೆ ಆ ತುಂಡು, ಅದರ ಜೊತೆ ನಿಮ್ಮ ನಾಲ್ಕು ಮಾತು ಬೇಕು. ಕಂಬದಲ್ಲಿರೋ ತುಂಡಿಗೆ ಇದು ಕೂಡಿಕೊಳ್ಳುತ್ತೆ. ನಿಮ್ಮ ಮಗಳ ಮನೆ ಉಳಿಯುತ್ತೆ. ನನ್ನ ಕೈಗೆ ಕೊಡಿ."

ಆಕೆ ತಂತಿಯ ಸುತ್ತು ಬಿಡಿಸಿದಳು. ತುಂಡು ಗೊಂಚಲಿನಿಂದ ಕಳಚಿ ಅಂಗೈಗೆ ಬಂತು. ಮಗಳು ತಲೆಯೆತ್ತಿದಳು.

ಆಕೆ ಕಿಂಡಿಯ ಕಡೆ ಬರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಎಡಗೈಯಿಂದ ಸಾಣೆ ಯಂತ್ರದ ಸ್ವಿಚ್ಚು ಒತ್ತಿದಳು. ಕಲ್ಲು ಮೊದಲು ಗೊರಗೊರ ಎಂದು, ಆಮೇಲೆ ವೇಗ ಹಿಡಿದು, ಒಂದೇ ಎಳೆಯ ಸಣ್ಣ ದನಿಗೆ ಏರಿತು. ಅಂಥ ಕಲ್ಲಿಗೆ ಹೆಬ್ಬೆರಳುದ್ದದ ಉಕ್ಕನ್ನು ತೇದು ಪುಡಿ ಮಾಡುವುದು ಎಷ್ಟು ಹೊತ್ತಿನ ಕೆಲಸ ಎಂದು ಮೂವರಿಗೂ ಗೊತ್ತಿತ್ತು. ಗೇಜಪ್ಪ ಬಾಗಿಲಿಗೆ ಹೆಗಲು ಕೊಟ್ಟ. ಒಳಗಿನ ಚಿಲಕ ಮೇಸ್ತ್ರಿಯ ಕೈಯದು, ಜಗ್ಗಲಿಲ್ಲ.

"ಅಮ್ಮಾ, ನಿನ್ನ ಕಾಲು ಹಿಡೀತೀನಿ," ಎಂದಳು ಮಗಳು. ಕಿಂಡಿಯಲ್ಲಿ ಅವಳ ಕೈ ಭುಜದವರೆಗೂ ಒಳಗೆ ಹೋಗಿತ್ತು, ಅಂಗೈ ಬಿಚ್ಚಿತ್ತು. "ಅಪ್ಪ ಹೋದ್ರು. ಇವರನ್ನಾದ್ರೂ ನನಗೆ ಬಿಡು. ಅದನ್ನ ಕೊಡು."

ತಾಯಿ ಆ ಅಂಗೈಯನ್ನು ನೋಡಿದಳು. ತಿರುಗುತ್ತಿದ್ದ ಕಲ್ಲನ್ನು ನೋಡಿದಳು.

"ಕೊಡಲ್ಲ."